ಕುಣಿಯುವ ಗೆರೆ

"ಇದು ಸತ್ತೋಗಿದೆ ಆಶಕ್ಕ," ಎಂದು ಮೆಕ್ಯಾನಿಕ್ ಸುರೇಂದ್ರ ಅಂಗೈಯಗಲದ ಸ್ಕ್ಯಾನರನ್ನು ಆಶಾಳ ಮುಖದ ಮುಂದೆ ಹಿಡಿದ. "ನೋಡಿ ಇಲ್ಲಿ, ಗೆರೆ ಮಲಗಿಬಿಟ್ಟಿದೆ."

ಸ್ಟೇರಿಂಗಿನ ಕೆಳಗಿನಿಂದ ಎಳೆದ ವೈರಿನ ತುದಿಯಲ್ಲಿದ್ದ ಆ ಪುಟ್ಟ ಪರದೆಯ ತಳದಲ್ಲಿ ಹಸಿರು ಗೆರೆಯೊಂದು ಉದ್ದಕ್ಕೆ ಮಲಗಿತ್ತು. ಆಗೊಮ್ಮೆ ಈಗೊಮ್ಮೆ ತುಸು ತಲೆ ಎತ್ತಿ ಮತ್ತೆ ಮಲಗುತ್ತಿತ್ತು. ವ್ಯಾನು ನಿಂತಲ್ಲೇ ನಡುಗುತ್ತ, ಕೆಮ್ಮುತ್ತ, ರಿಪ್ಪನ್‌ಪೇಟೆಯ ಆ ಗ್ಯಾರೇಜಿನ ತುಂಬ ಪೆಟ್ರೋಲಿನ ವಾಸನೆ ಹರಡಿತ್ತು. ಎಂಜಿನ್ನು ಕೆಟ್ಟಿದೆ ಎಂದು ಸಾರುವ, ಮೀಟರಿನ ಬಳಿಯ ಹಳದಿ ದೀಪ ಮಾತ್ರ ಯಾರಿಗೂ ಹೆದರದೆ ಉರಿಯುತ್ತಿತ್ತು.

"ಎಂತ ಸತ್ತಿದ್ದು? ಸರಿಯಾಗಿ ಹೇಳು."

"ಆಕ್ಸಿಜನ್ ಸೆನ್ಸರ್. ಹೊಗೇಲಿ ಗಾಳಿ ಎಷ್ಟು ಉಳಿದಿದೆ ಅಂತ ನೋಡಿ ಎಂಜಿನ್ನಿಗೆ ಹೇಳ್ತದೆ. ಅದನ್ನ ಕೇಳ್ಕಂಡು ಎಂಜಿನ್ನು ಪೆಟ್ರೋಲು ಹೆಚ್ಚು ಕಮ್ಮಿ ಮಾಡ್ಕಳತ್ತೆ. ಚೆನ್ನಾಗಿದ್ರೆ ಈ ಗೆರೆ ಮೇಲೆ ಕೆಳಗೆ ಕುಣೀತಾ ಇರ್ಬೇಕು. ಈಗ ಇದು ಗಾಳಿ ಜಾಸ್ತಿ ಇದೆ ಅಂತ ಸುಳ್ಳು ಹೇಳ್ತಿದೆ. ಅದನ್ನ ನಂಬ್ಕಂಡು ಎಂಜಿನ್ನು ಪೆಟ್ರೋಲು ಸುರೀತಿದೆ."

"ಹೋದ ವರ್ಷನೂ ಇದೇ ಕಥೆ ಹೇಳಿದ್ದೆ," ಎಂದ ಶಿವರಾಮ. ಆಶಾಳ ಗಂಡ. ಗ್ಯಾರೇಜಿನ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ ಅವನ ಮುಖ ಆಗಲೇ ತೀರ್ಪು ಬರೆದು ಮುಗಿಸಿದ ಹಾಗಿತ್ತು. "ಹೊಸದು ಹಾಕ್ದೆ. ವರ್ಷ ತುಂಬಲಿಲ್ಲ. ಈಗ ಇನ್ನೊಂದು ಹಾಕ್ತೀಯ, ಮುಂದಿನ ವರ್ಷ ಮತ್ತೊಂದು. ಈ ಗಾಡಿಗೇ ಏನೋ ಹಿಡಿದಿದೆ ಮಾರಾಯ. ಸಂಜೆ ನಾಗರಾಜಪ್ಪ ಬರ್ತಾರೆ, ತಗಂಡು ಹೋಗ್ಲಿ."

ಕೋಣಂದೂರಿನ ನಾಗರಾಜಪ್ಪ ವ್ಯಾನು ಕೊಳ್ಳುವವರು. ವ್ಯಾನು ಹೋದರೆ ಆಶಾಳ ಡೊಳ್ಳಿನ ತಂಡವೂ ಹೋದ ಹಾಗೆಯೇ. ಸುತ್ತಲಿನ ಊರುಗಳ ಹೆಂಗಸರನ್ನು ಮನೆಮನೆಯಿಂದ ಹತ್ತಿಸಿಕೊಂಡು, ಡೊಳ್ಳುಗಳನ್ನು ಹಿಂದೆ ಪೇರಿಸಿಕೊಂಡು, ಅಭ್ಯಾಸ ಮುಗಿದ ಮೇಲೆ ಮತ್ತೆ ಒಬ್ಬೊಬ್ಬರನ್ನೇ ಅವರವರ ಅಂಗಳಕ್ಕೆ ಬಿಟ್ಟು ಬರುವವಳು ಅವಳು. ಆ ಹೊತ್ತಿಗೆ ಬಸ್ಸಿಲ್ಲ. ಬಸ್ಸಿದ್ದರೂ ಡೊಳ್ಳು ಹೊತ್ತು ಬಸ್ಸು ಹತ್ತುವ ಹೆಂಗಸರನ್ನು ಕಂಡಕ್ಟರ್ ಹೇಗೆ ನೋಡುತ್ತಾನೆಂದು ಅವರಿಗೆಲ್ಲ ಗೊತ್ತು. ಮೊದಲು ಎರಡು ಸಲ ಹಾಗೆ ಹೋಗಿ, ಮೂರನೆಯ ಸಲ ಅರ್ಧಕ್ಕರ್ಧ ಜನ ಬಂದಿರಲಿಲ್ಲ.

ಶಿವರಾಮ ಕೆಟ್ಟವನಲ್ಲ. ಹೋದ ವಾರ ಹುಂಚದ ರಸ್ತೆಯ ಏರಿನಲ್ಲಿ ವ್ಯಾನು ಹೆಂಗಸರ ಸಮೇತ ನಿಂತುಬಿಟ್ಟಿತ್ತು. ಫೋನು ಸಿಗದೆ ಇವನು ಮನೆಯಲ್ಲಿ ಒಳಗೂ ಹೊರಗೂ ಓಡಾಡಿ ಕಾಲು ಸವೆಸಿದ್ದ. ಮರುದಿನವೇ ನಾಗರಾಜಪ್ಪನಿಗೆ ಮಾತು ಕೊಟ್ಟ. ಆಶಾ ಕೇಳಿಕೊಂಡದ್ದು ಒಂದೇ: ಕೊಡುವ ಮೊದಲು ಒಂದು ಸಲ ಸುರೇಂದ್ರನಿಗೆ ತೋರಿಸೋಣ, ಯಾಕೆ ಹೀಗಾಗುತ್ತದೆ ಎಂದು ಗೊತ್ತಾಗಲಿ. ಯಾಕೆ ಎಂದು ಗೊತ್ತಾಗದಿದ್ದರೆ ಕೊಟ್ಟುಬಿಡೋಣ. ಹಾಗೆ ಅಂದದ್ದಕ್ಕೆ ಈಗ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವ ಹಾಗಾಗಿತ್ತು.

ಸುರೇಂದ್ರನಿಗೂ ಇದು ಮಾನದ ಪ್ರಶ್ನೆಯಾಗಿತ್ತು. ತಾನು ಹಾಕಿದ ಸಾಮಾನು ವರ್ಷದೊಳಗೆ ಸಾಯುವುದೆಂದರೇನು! ವೈರು ಎಳೆದು ನೋಡಿದ, ಸರಿಯಿತ್ತು. ಫ್ಯೂಸು ನೋಡಿದ, ಸರಿಯಿತ್ತು. ಸೈಲೆನ್ಸರಿನ ಕೊಳವೆಯನ್ನು ಉದ್ದಕ್ಕೂ ಬಗ್ಗಿ ನೋಡಿದ, ಎಲ್ಲೂ ಬಿರುಕಿಲ್ಲ. ಕೊನೆಗೆ ವ್ಯಾನನ್ನು ಅಡಿಯಿಂದ ರಿಪೇರಿ ಮಾಡಲು ತೋಡಿದ ಗುಂಡಿಯ ಮೇಲೆ ನಿಲ್ಲಿಸಿ, ಕೊಳವೆ ಆರುವವರೆಗೆ ಒಂದು ಚಾ ಕುಡಿದು, ಕೆಳಗಿಳಿದ. ಮೇಲಿದ್ದವರಿಗೆ ಕೇಳಿಸಿದ್ದು ತುಕ್ಕು ಬಿಡಿಸುವ ಎಣ್ಣೆ ಚಿಮುಕಿಸಿದ ಸದ್ದು, ಸ್ಪ್ಯಾನರ್ ಜಾರಿದ ಸದ್ದು, ಆಮೇಲೆ ತೀರ್ಥಹಳ್ಳಿ ಕಡೆಯ ಒಂದಿಷ್ಟು ಬೈಗುಳ. ಕಟ್ ಎಂದು ತಿರುಪು ಬಿಟ್ಟಿತು.

"ಬಂತು!" ಎಂದು ಕೂಗುತ್ತ ಅವನು ಹೆಬ್ಬೆರಳು ಗಾತ್ರದ ಒಂದು ಕರಿ ವಸ್ತುವನ್ನು ಹಿಡಿದು ಮೇಲೆ ಬಂದ. ಅದರ ಹಿಂದೆ ಬಾಲದ ಹಾಗೆ ವೈರು. "ಡೂಪ್ಲಿಕೇಟ್ ಮಾಲು ಕಳ್ಸಿದ್ರು ಅಂತ ಕಾಣತ್ತೆ, ಹಾಳಾದವ್ರು."

ಆಶಾ ಅದನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿದಳು. ಕೊಳವೆಯೊಳಗಿದ್ದ ತುದಿಯಲ್ಲಿ ಬರೀ ಮಸಿ. ಆದರೆ ಹೊರಗಿದ್ದ ಮೈ, ವೈರಿನ ಬುಡ, ಎಲ್ಲಕ್ಕೂ ಕಂದುಗಪ್ಪಿನ ಒಂದು ಗಟ್ಟಿ ಪದರ ಅಂಟಿತ್ತು. ಉಗುರಿನಿಂದ ಕೆರೆದಳು. ಮೂಗಿಗೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಮನೆಯ ತೊಲೆ, ಕಿಟಕಿ, ಬಾಗಿಲಿಗೆಲ್ಲ ಗೆದ್ದಲು ಬಾರದಿರಲೆಂದು ಹಚ್ಚುವ ಎಣ್ಣೆಯ ಆ ಘಾಟು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಸುರೇಂದ್ರ, ಇದು ಗೇರೆಣ್ಣೆ."

"ಗಾಡಿ ಅಡಿಗೆಲ್ಲ ಏನೋ ಬಳ್ದಿದಾರೆ ಅಂತ ನೋಡ್ದೆ. ಮಳೆಗಾಲಕ್ಕೆ ಎಲ್ಲರೂ ಏನಾದ್ರೂ ಬಳೀತಾರಲ್ಲ..." ಎನ್ನುತ್ತಿದ್ದವನು ಮಾತು ನಿಲ್ಲಿಸಿ ವಸ್ತುವನ್ನು ಕಸಿದುಕೊಂಡ. "ವೈರಿನ ಬುಡಕ್ಕೂ ಬಳ್ದಿದಾರಾ! ಅಯ್ಯೋ, ಅದು ಅಲ್ಲಿಂದಲೇ ಉಸಿರಾಡೋದು ಆಶಕ್ಕ! ಹೊಗೆ ಗಾಳೀನ ಹೊರಗಿನ ಗಾಳಿ ಜೊತೆ ಹೋಲ್ಸಿ ನೋಡ್ಬೇಕು ಅದು. ಹೊರಗಿನ ಗಾಳೀನೇ ಹೋಗದ ಹಾಗೆ ಮೂಗು ಮುಚ್ಚಿಟ್ರೆ?"

ಇಬ್ಬರೂ ಒಟ್ಟಿಗೇ ಬೆಂಚಿನ ಕಡೆ ತಿರುಗಿದರು.

ಶಿವರಾಮ ಕಟ್ಟಿದ್ದ ಕೈ ಬಿಚ್ಚಿದ. "ನಾನೇ ಹಚ್ಚಿದ್ದು. ಅದರಲ್ಲಿ ತಪ್ಪೆಂತ? ತುಕ್ಕು ಹಿಡೀಬಾರ್ದು ಅಂತ ಮಳೆ ಶುರುವಾಗೋಕೆ ಮುಂಚೆ ಹಚ್ತೀನಿ. ಒಂದು ಬೋಲ್ಟೂ ಬಿಟ್ಟಿಲ್ಲ, ಬೇಕಾದ್ರೆ ನೋಡು."

"ಹೋದ ವರ್ಷ?" ಎಂದಳು ಆಶಾ.

"ಹೋದ ವರ್ಷನೂ ಹಚ್ಚಿದ್ದೆ."

"ಹೋದ ವರ್ಷನೂ ಆಮೇಲೇ ದೀಪ ಹತ್ತಿದ್ದು!" ಆಶಾಳ ದನಿ ಎಷ್ಟು ಏರಿತೆಂದರೆ ರಸ್ತೆಯಾಚೆಯ ಹೋಟೆಲಿನವರು ಇಣುಕಿ ನೋಡಿದರು. "ನೀವೇ ಕೊಂದು, ನೀವೇ ಗಾಡಿಗೆ ಏನೋ ಹಿಡಿದಿದೆ ಅಂತೀರಲ್ಲ! ಹಿಡಿದಿದ್ದು ನೀವೇ!"

ಶಿವರಾಮನ ಮುಖ ಹುಳಿ ಮಜ್ಜಿಗೆ ಕುಡಿದವನಂತಾಯಿತು. "ನಂಗೆ ಅದು ಮೂಗು ಅಂತ ಎಂತ ಗೊತ್ತು," ಎಂದು ಗೊಣಗಿದ. ಆಮೇಲೆ ನೆಲ ನೋಡುತ್ತ, "ನೀವೆಲ್ಲ ಎಲ್ಲೋ ಕಾಡಲ್ಲಿ ನಿಲ್ಬಾರ್ದು ಅಂತ ಹಚ್ಚಿದ್ದೆ," ಎಂದ.

ಡೊಳ್ಳಿನ ಸುದ್ದಿ ತೆಗೆದರೆ ಎದ್ದು ದನದ ಕೊಟ್ಟಿಗೆಗೆ ಹೋಗುವ ಈ ಮನುಷ್ಯ, ಆ ದಪ್ಪ ಹೊಟ್ಟೆ ಹೊತ್ತು, ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ, ಕಣ್ಣಿಗೆ ತೊಟ್ಟಿಕ್ಕುವ ಗೇರೆಣ್ಣೆಯಲ್ಲಿ ಒಂದೊಂದೇ ಬೋಲ್ಟನ್ನು ಹುಡುಕಿ ಹಚ್ಚುತ್ತಿದ್ದುದು ಆಶಾಳ ಕಣ್ಣಿಗೆ ಕಟ್ಟಿತು. ನಗು ಬಂತು, ಸಿಟ್ಟು ಬಂತು, ಎರಡರ ಅಡಿಯಲ್ಲಿ ಈ ಮನುಷ್ಯನ ಮೇಲೆ ಪ್ರೀತಿಯೂ ಉಕ್ಕಿ ಬಂತು.

"ಹೊಸದು ಇದೆಯೇನೋ?" ಎಂದಳು ಸುರೇಂದ್ರನಿಗೆ.

ಇತ್ತು. ನಿನ್ನೆ ಫೋನಿನಲ್ಲಿ ವ್ಯಾನಿನ ಲಕ್ಷಣ ಕೇಳಿದವನೇ ಅವನು ಸಾಗರದಿಂದ ಬಸ್ಸಿನವರ ಕೈಯಲ್ಲಿ ತರಿಸಿಟ್ಟಿದ್ದ. ಈಗ ಅವನ ಕೈಗೆ ಬೇರೆಯೇ ಹುರುಪು ಬಂದಿತ್ತು. ಸುತ್ತಲ ಗೇರೆಣ್ಣೆಯನ್ನು ಕೆರೆದು ಒರೆಸಿದ. ಹೊಸದರ ತಿರುಪಿಗಷ್ಟೇ ಚೂರು ಗ್ರೀಸು ಮುಟ್ಟಿಸಿ, ತುದಿಗೆ ಬೆರಳು ತಾಗದ ಹಾಗೆ ಹಿಡಿದು, ಮೊದಲು ಕೈಯಲ್ಲೇ ತಿರುಗಿಸಿ ಆಮೇಲೆ ಸ್ಪ್ಯಾನರಿನಲ್ಲಿ ಬಿಗಿದ. ಶಿವರಾಮ ತಾನೇ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಟಾರ್ಚು ಹಿಡಿದಿದ್ದ. ಹಿಡಿ ಎಂದು ಯಾರೂ ಹೇಳಿರಲಿಲ್ಲ.

"ಎಂಜಿನ್ನು ಬರ್ದಿಟ್ಕಂಡಿದ್ದ ಹಳೇ ತಪ್ಪನ್ನ ಸ್ಕ್ಯಾನರಲ್ಲಿ ಅಳಿಸ್ದೆ. ಸ್ಟಾರ್ಟ್ ಮಾಡಿ ಆಶಕ್ಕ."

ಆಶಾ ಚಾವಿ ತಿರುಗಿಸಿದಳು. ಹಳದಿ ದೀಪ ಒಮ್ಮೆ ಹತ್ತಿ ಆರಿತು. ಪರದೆಯ ಮೇಲೆ ಗೆರೆ ಮಲಗಿಯೇ ಇತ್ತು.

"ಏನೋ ಇದು?" ಎಂದಳು.

"ತಡೀರಿ, ಅದು ಬಿಸಿ ಆಗ್ಬೇಕು."

ಮೂವರೂ ಪರದೆ ನೋಡಿದರು. ಗೆರೆ ಒಮ್ಮೆ ಮಿಸುಕಿತು. ಇನ್ನೊಮ್ಮೆ. ಇದ್ದಕ್ಕಿದ್ದಂತೆ ಎದ್ದು ನಿಂತು ಬಿದ್ದು ಎದ್ದು, ಹಸಿರು ಏರಿಳಿತ ಪರದೆಯ ತುಂಬ ಓಡತೊಡಗಿತು. ನಡುಗುತ್ತಿದ್ದ ಎಂಜಿನ್ನು ಸಮಾಧಾನವಾಗಿ ಒಂದೇ ಶ್ರುತಿಗೆ ಕೂತಿತು.

"ಕುಣೀತು!" ಎಂದು ಆಶಾ ಸೀಟಿನಲ್ಲಿ ಕೂತಲ್ಲೇ ಹಾರಿದಳು. "ಹತ್ರೀ ಇಬ್ರೂ. ಅದೇ ಏರಿಗೆ ಹೋಗಣ."

ಹುಂಚದ ರಸ್ತೆಯ ಏರು ಎದುರಾದಾಗ ಶಿವರಾಮ ಅವಳ ಪಕ್ಕದಲ್ಲಿ ಹಿಡಿಕೆ ಗಟ್ಟಿ ಹಿಡಿದು ಕೂತಿದ್ದ. ಹಿಂದೆ ಡೊಳ್ಳುಗಳ ನಡುವೆ ಸಿಕ್ಕಿಕೊಂಡ ಸುರೇಂದ್ರ ಸ್ಕ್ಯಾನರ್ ಹಿಡಿದು ಕೂಗುತ್ತಲೇ ಇದ್ದ: "ಕುಣೀತಿದೆ! ಇನ್ನೂ ಒತ್ತಿ! ಕುಣೀತಿದೆ ಆಶಕ್ಕ!" ಆಶಾ ಒತ್ತಿದಳು. ಹೋದ ವಾರ ವ್ಯಾನು ಉಸಿರು ಬಿಟ್ಟ ತಿರುವು ಬಂತು, ಹಿಂದೆ ಸರಿಯಿತು. ವ್ಯಾನು ಒಮ್ಮೆಯೂ ಮುಗ್ಗರಿಸಲಿಲ್ಲ. ಏರಿನ ನೆತ್ತಿ ತಲುಪಿದಾಗ ಅವಳಿಗೆ ಡೊಳ್ಳು ಬಡಿದು ಮುಗಿಸಿದಾಗಿನಂತೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಶಿವರಾಮನ ಫೋನು ಹೊಡೆದುಕೊಂಡಿತು.

"ನಾನು ನಿಮ್ಮನೆ ಅಂಗಳದಲ್ಲೇ ಇದೀನಿ ಶಿವರಾಮಣ್ಣ," ಎಂದ ನಾಗರಾಜಪ್ಪನ ದನಿ ವ್ಯಾನಿನ ಹಿಂದಿನವರೆಗೂ ಕೇಳಿಸಿತು. "ಗಾಡಿ ಎಲ್ಲೂ ಕಾಣ್ತಿಲ್ಲಲ್ಲ?"

ಶಿವರಾಮ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಗಾಡಿನಾ? ಅದು ಆಶಾದು ನಾಗರಾಜಪ್ಪ. ಎಷ್ಟು ಹೇಳಿದ್ರೂ ಕೊಡಲ್ಲ ಅಂತಿದಾಳೆ, ಎಂತ ಮಾಡ್ಲಿ. ನೀವು ಚಾ ಕುಡ್ಕಂಡು ಹೋಗಿ, ಅಮ್ಮ ಒಳಗಿದಾರೆ."

ಆಶಾ ಒಂದು ಮಾತೂ ಆಡಿರಲಿಲ್ಲ. ಗೇರು ಬದಲಿಸಿ ಇಳಿಜಾರಿಗೆ ವ್ಯಾನನ್ನು ಬಿಟ್ಟಳು. ಶಿವರಾಮ ಫೋನು ಜೇಬಿಗಿಟ್ಟು, ತಿರುವಿನಲ್ಲಿ ಉರುಳಲು ಹೊರಟ ಡೊಳ್ಳೊಂದನ್ನು ಹಿಂದಕ್ಕೆ ಕೈಚಾಚಿ ಹಿಡಿದುಕೊಂಡ.