ಸ್ಕೀ ಪಟ್ಟಿಗೆ ಕೊಬ್ಬರಿ ಎಣ್ಣೆ

ಹತ್ತುವುದಕ್ಕೆ ಮೊದಲೇ ವೇಣುಗೋಪಾಲನಿಗೆ ಸಾಕಾಗಿತ್ತು. ವರ್ಜೀನಿಯಾದ ಹರ್ನ್‌ಡನ್ನಿನ ಮನೆಯಿಂದ ಕೋಳಿ ಕೂಗುವ ಮೊದಲೇ ಹೊರಟು ವೆಸ್ಟ್ ವರ್ಜೀನಿಯಾದ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಅವನ ಎಡ ಮೊಣಕಾಲು ಮುಲುಗತೊಡಗಿತ್ತು. ಕಾಲೇಜಿನಲ್ಲಿ ಕಬಡ್ಡಿ ಆಡಿ ತಿರುಚಿಕೊಂಡ ಮೊಣಕಾಲು ಅದು. ತೊಂಬತ್ತೇಳನೇ ಇಸವಿಯ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ. ಹಿಮ ಬೇಗ ಬಿದ್ದಿತ್ತು ನಿಜ, ಆದರೆ ಬಿದ್ದದ್ದೆಷ್ಟು? ಕಲ್ಲು ಕಾಣದಂತೆ ಮುಸುಕು ಹಾಕುವಷ್ಟು. ಬಿದ್ದವನಿಗೆ ಕಲ್ಲು ತಾಗದಿರುವಷ್ಟಲ್ಲ.

ಈ ಮೊಣಕಾಲಿಗೆ ಸೋಮವಾರದವರೆಗೆ ಏನೂ ಆಗಬಾರದಿತ್ತು. ಸಾಫ್ಟ್‌ವೇರ್ ಪ್ರಾಜೆಕ್ಟಿಲ್ಲದೆ ಬೇಸಿಗೆಯಿಂದ ಮನೆಯಲ್ಲಿ ಕೂತಿದ್ದವನಿಗೆ ಸೋಮವಾರ ಹೊಸ ಕಡೆ ಕೆಲಸ ಶುರು. ಅವನ ವೀಸಾ ಕೈಯಲ್ಲಿಟ್ಟುಕೊಂಡಿದ್ದ ಕಂಪನಿಯ ಯಜಮಾನ, ಅವತ್ತು ಹೋಗಲಿಲ್ಲವೆಂದರೆ ಆ ಜಾಗಕ್ಕೆ ಬೇರೆಯವನು, ನಿನಗೆ ಊರಿನ ಟಿಕೆಟ್ಟು ಎಂದು ಹೇಳಿಬಿಟ್ಟಿದ್ದ.

"ಕಾಲು ಮುರ್ಕೊಂಡ್ ಬಂದ್ರೆ ಒಳಗ್ ಸೇರ್ಸಲ್ಲ," ಅಂದಿದ್ದಳು ಹೆಂಡತಿ ವೇದಾ. ಆದರೂ ಹೊರಟಿದ್ದ. ಕೆಲಸವಿಲ್ಲದೆ ಕೂತವನ ಮನೆಯ ಬೆಲ್ಲು ಒತ್ತುತ್ತಿದ್ದವರು ಇಬ್ಬರೇ, ಗೋಪಿನಾಥ ಮತ್ತು ಕಲ್ಮೇಶ. ಅವರು ಕರೆದಾಗ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ತಂತಿಯಲ್ಲಿ ತೂಗುವ ಕುರ್ಚಿಯ ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಜಾರುವವರು ಬೇರೆ. ಈ ಮೂವರದು ತಾವೇ ಹತ್ತಿ ತಾವೇ ಜಾರುವ ಹುಚ್ಚು. ಹತ್ತುವಾಗ ಸ್ಕೀ ಹಲಗೆಯ ಅಡಿಗೆ ಉದ್ದನೆಯ ಪಟ್ಟಿ ಅಂಟಿಸಿಕೊಳ್ಳಬೇಕು. ಅದರ ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಒಂದೇ ದಿಕ್ಕಿಗೆ ಮಲಗಿರುವ ತುಪ್ಪಳ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಮೂವರ ಪಟ್ಟಿಗಳೂ ಗೋಪಿನಾಥನ ಗರಾಜಿನಲ್ಲೇ ಇರುತ್ತಿದ್ದವು.

ಅರ್ಧ ಬೆಟ್ಟ ಏರುವಷ್ಟರಲ್ಲಿ ವೇಣುವಿನ ಬಲಗಾಲಿನ ಪಟ್ಟಿ ಕಳಚಿ ಸತ್ತ ಹಾವಿನಂತೆ ಹಿಂದೆ ಎಳೆದುಕೊಂಡು ಬರತೊಡಗಿತು. ಒರೆಸಿ ಒತ್ತಿದ, ನಿಲ್ಲಲಿಲ್ಲ. ಆಮೇಲೆ ಎಡಗಾಲಿನದು. ಅಷ್ಟರಲ್ಲಿ ಮುಂದಿದ್ದ ಕಲ್ಮೇಶ ಸರ್ರನೆ ಹಿಂದಕ್ಕೆ ಜಾರಿ ಬಂದು ಇವನಿಗೇ ಗುದ್ದಿದ.

"ಯಾಕೋ ಗೋಪ್ಯಾ, ಅಂಟs ಇಲ್ಲಲ್ಲೋ ಇದಕ್ಕ! ಮೂಸಿ ನೋಡು, ಒಳ್ಳೆ ಚಟ್ನಿ ಒಗ್ಗರಣಿ ವಾಸನಿ ಬರಾಕತ್ತೈತಿ," ಎಂದ ಕಲ್ಮೇಶ. ಧಾರವಾಡದ ಕಡೆಯ ಡಾಕ್ಟರು, ಬಾಯಿಗೆ ಬೀಗವಿಲ್ಲ.

ಗೋಪಿನಾಥ ಕೈಗವಸಿನಲ್ಲೇ ಮೂಗೊರೆಸಿಕೊಂಡ. "ಅದು... ಹೋದ್ ವರ್ಷದ ಹುಲ್ಲು, ನಾಯಿ ಕೂದ್ಲು ಎಲ್ಲಾ ಅಂಟ್ಕೊಂಡಿತ್ತು ಕಣೋ. ಕ್ಲೀನ್ ಮಾಡಿದೆ."

"ಯಾತರಲ್ಲಿ?" ಎಂದ ವೇಣು.

"ಕೊಬ್ಬರಿ ಎಣ್ಣೇಲಿ. ಹಲಸಿನ ಹಣ್ಣಿನ ಅಂಟು ನಮ್ಮಜ್ಜಿ ಹಂಗೇ ತೆಗೀತಿದ್ರು. ಎಷ್ಟ್ ಚೆನ್ನಾಗ್ ಬಂತು ಗೊತ್ತಾ!"

"ಬಂತಲ್ಲ ಮತ್ತ, ಪಟ್ಟಿ ಅಂಟೂ ಪೂರಾ ಬಂತು," ಎಂದ ಕಲ್ಮೇಶ. "ನಿಮ್ಮಜ್ಜಿ ಸ್ಕೀ ಮಾಡ್ತಿದ್ಲೇನಲೇ?"

ವೇಣುವಿಗೆ ನಗುವುದಕ್ಕೂ ತ್ರಾಣವಿರಲಿಲ್ಲ, ಬೈಯುವುದಕ್ಕೂ. ಮೇಲೆ ಹೋಗುವ ಮಾತು ಮುಗಿಯಿತು. ಇಳಿಯುವುದು ಹೇಗೆ ಎಂಬುದಷ್ಟೇ ಉಳಿಯಿತು. ಅವನು ಸ್ಕೀ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ನಾನು ನಡ್ಕೊಂಡೇ ಇಳೀತೀನಿ. ಸೋಮವಾರ ಕೆಲ್ಸ ಇದೆ."

"ಅಜ್ಜಾ, ಕೋಲು ತರಿಸ್ಲೇನು?" ಎಂದು ಹಂಗಿಸಿ ಕಲ್ಮೇಶ ಜಾರಿಕೊಂಡು ಹೊರಟೇಬಿಟ್ಟ. ಮರಗಳ ನಡುವೆ ಒಂದು ತಿರುವು ಚೆಂದವಾಗಿಯೇ ಬಂತು. ಎರಡನೆಯದರಲ್ಲಿ ಹಿಮದಡಿಯ ಕಲ್ಲಿಗೆ ಹಲಗೆ ಕರ್ರೆಂದಿತು. ಮನುಷ್ಯ ಒಂದು ಕಡೆ, ಟೋಪಿ ಒಂದು ಕಡೆ.

ಹೋಗಿ ನೋಡಿದರೆ ಹಿಮದಲ್ಲಿ ಕೂತು ತನ್ನ ಪಾದವನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಿದ್ದ. "ಎಲುವು ಮುರದಿಲ್ಲ. ಉಳಕೇತಿ. ಖರೇ ಹೇಳ್ತೀನಿ, ನನ್ನ ಕಡೆ ನಡಿಯಾಕ ಆಗೂದಿಲ್ಲೋ ವೇಣ್ಯಾ."

ವೇಣು ಕೆಳಗಿನ ಇಳಿಜಾರನ್ನು ನೋಡಿದ. ಒಬ್ಬನೇ ಇಳಿದರೆ ಮೊಣಕಾಲು ಉಳಿಯುತ್ತದೆ. ಈ ಆಳನ್ನು ಹೆಗಲಿಗೆ ಹಾಕಿಕೊಂಡರೆ ದೇವರೇ ಗತಿ. ಗೋಪಿನಾಥ ಒಬ್ಬನೇ ಹೊರಲಾರ. ಅವನದು ಗಾಳಿಗೆ ಹಾರಿಹೋಗುವ ಮೈ.

"ಸ್ಕೀ ಎಲ್ಲಾ ನೀನ್ ಹೊರು," ಎಂದ ಗೋಪಿನಾಥನಿಗೆ. ಕಲ್ಮೇಶನ ಕಡೆ ಬಾಗಿದ. "ಏಳು. ಬಾಯಿ ಮುಚ್ಕೊಂಡು ಏಳು."

ಇಳಿದರು. ಇಳಿದೇ ಇಳಿದರು. ಮೇಲೆ ಹಿಮ, ಕೆಳಗೆ ಪೊದೆ, ಪೊದೆಯ ಕೆಳಗೆ ಏನಿದೆಯೋ ಕಾಲಿಗೇ ಗೊತ್ತಾಗಬೇಕು. ಕಾರು ಕಾಣುವಷ್ಟು ಹತ್ತಿರ ಬಂದಾಗ ವೇಣುವಿನ ಎಡಗಾಲು ಎರಡು ಕಲ್ಲಿನ ಸಂದಿಗೆ ಇಳಿಯಿತು. ಕಲ್ಮೇಶನ ಭಾರವೂ ಅದರ ಮೇಲೇ ಬಂತು. ವೇಣು ಕಾಲು ಕಿತ್ತುಕೊಂಡು ಕುಂಟುತ್ತ ನಡೆದ.

ಕಾರಿನ ಹಿಂದಿನ ಸೀಟಿನಲ್ಲಿ ಕಲ್ಮೇಶ ತನ್ನ ಪಾದ ಮರೆತು ಇವನ ಮೊಣಕಾಲು ಒತ್ತಿ, ಬಗ್ಗಿಸಿ, ಅಲುಗಿಸಿ ನೋಡಿದ. ಬೂದುಗುಂಬಳದಂತೆ ಊದಿಕೊಂಡಿತ್ತು.

"ಒಳಗ ಏನೂ ಹರದಿಲ್ಲ ಅನಸ್ತೇತಿ. ಎರಡ ವಾರ ಕಾಲು ಕೆಳಗ ಇಡಬ್ಯಾಡ ಅಂತ ಬರಕೊಡ್ಲೇನು?"

"ಬರ್ಕೊಟ್ರೆ ಕೆಲ್ಸ ಹೋಗತ್ತೆ."

"ಹಂಗಾದ್ರ ಬಿಗಿಯಾಗಿ ಪಟ್ಟಿ ಸುತ್ತತೀನಿ. ಕುಂತs ಮಾಡೂ ಕೆಲ್ಸ ಹೌದಿಲ್ಲೋ? ಮೇಜಿನ ಕೆಳಗ ಕಾಲು ಯಾರು ನೋಡ್ತಾರ?"

ಮೊದಲ ದಿನವೇ ಕುಂಟುತ್ತ ಒಳಗೆ ಹೋಗುವುದನ್ನು ವೇಣು ನೆನೆದ. ಮನೆಯ ಮೆಟ್ಟಿಲಲ್ಲಿ ಜಾರಿದೆ ಅನ್ನಬೇಕು. ವೇದಾಳಿಗೆ ಮಾತ್ರ ಆ ಸುಳ್ಳು ನಡೆಯುವುದಿಲ್ಲ.

"ಗೋಪಿ, ಸೋಮವಾರ ಬೆಳಿಗ್ಗೆ ನೀನೇ ಬಂದು ನನ್ನ ಡ್ರಾಪ್ ಮಾಡ್ಬೇಕು. ಆಫೀಸ್ ಬಾಗಿಲವರೆಗೂ."

"ನನ್ ಆಫೀಸು ಬೆಥೆಸ್ಡಾ ಕಣೋ, ಪೂರ್ತಿ ಆ ಕಡೆ. ಟ್ರಾಫಿಕ್ಕಲ್ಲಿ..."

"ಅದು ನಿನ್ನ ಕರ್ಮ."

ಗೋಪಿನಾಥ ಕಾರು ಸ್ಟಾರ್ಟ್ ಮಾಡಿದ. ಹೆದ್ದಾರಿ ಸೇರಿದ ಮೇಲೆ "ಎಷ್ಟೊತ್ತಿಗ್ ಬರ್ಲಿ?" ಎಂದು ಕೇಳಿದ. ವೇಣು ಕಲ್ಮೇಶನ ತೊಡೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದ.