ಕಾಲಡಿಯ ಮುಖ

ಹುಣಸೆಹಣ್ಣು ಹಾಕಿ ತಿಕ್ಕಿ ಎಷ್ಟು ಕಾಲವಾಯಿತೋ, ಹಿತ್ತಾಳೆ ನಟರಾಜನ ಮೈಯೆಲ್ಲ ಕಪ್ಪಿಟ್ಟಿದೆ, ಕಾಲಡಿಯ ಮಗುವಿನ ಮುಖ ಮಾತ್ರ ಮಿರುಗುತ್ತಿದೆ, ಬಂದವರೆಲ್ಲ ಅದನ್ನೇ ಸವರುತ್ತಾರೇನೋ — ನಂದಗುಡಿಯ ಆಯುರ್ವೇದದ ವೆಂಕಟರಮಣಪ್ಪ ಪಂಡಿತರ ಮೇಜಿನ ಮುಂದೆ ಕೂತ ಕದಿರಮ್ಮನ ಕಣ್ಣು ಅಲ್ಲೇ ನೆಟ್ಟಿದೆ, ಪಾಪ ಯಾರ ಮಗುವೋ, ಚಿಕ್ಕವಳಿದ್ದಾಗ ಸಮೇತನಹಳ್ಳಿಯ ತವರಿನಲ್ಲಿ ಕ್ಯಾಲೆಂಡರಿನ ನಟರಾಜನ ಕಾಲಡಿಯ ಮಗುವಿಗೂ ಬೆಲ್ಲ ಮೆತ್ತಿ ಅವ್ವನ ಕೈಲಿ ಬೈಸಿಕೊಂಡಿದ್ದಳಲ್ಲ, ಇರುವೆ ಮುತ್ತಿತ್ತು. ಪಕ್ಕದಲ್ಲಿ ಮಗಳು ಅಕ್ಷತ, ಅಂಗೈಯಲ್ಲಿ ಬೀಗದಕೈಯ ಹಲ್ಲಿನ ಗುರುತು ಮಾಸಿಲ್ಲ, ನೆನ್ನೆ ಡೈರಿಯಲ್ಲಿ ಹಾಲು ಅಳೆಸುತ್ತಾ ಫಿಟ್ಸ್ ಬಂದು ಬಿದ್ದಳು, ಕಬ್ಬಿಣ ಕೊಡ್ರೋ ಕೈಗೆ ಕಬ್ಬಿಣ, ಯಾರೋ ಗೊಂಚಲನ್ನೇ ಮುಷ್ಟಿಗೆ ತುರುಕಿದರು, ಹಾಲೆಲ್ಲ ಚರಂಡಿಗೆ, ಎರಡು ವರ್ಷ ಬಾರದ್ದು ನೆನ್ನೆ ಬಂತು. ಆಸ್ಪತ್ರೆ ಮಾತ್ರೆ ಬಿಟ್ಟಿಲ್ಲ ತಾನೆ ಅಂತ ಪಂಡಿತರು ಮೊದಲೇ ಕೇಳಿದ್ದರು, ಇಲ್ಲ ಅಂದುಬಿಟ್ಟಳು ಕದಿರಮ್ಮ, ಮಗಳು ತಲೆ ತಗ್ಗಿಸಿದಳು. ಹನ್ನೊಂದು ದಿನದಿಂದ ಮಾತ್ರೆ ರಾಗಿ ಡಬ್ಬಿಯೊಳಗಿದೆ. ಎರಡು ವರ್ಷ ಬಂದಿಲ್ಲ ಅಂದ್ರೆ ಹೋಯ್ತು ಅಂತಲೇ ಕಣೆ, ಸುಮ್ನೆ ಯಾಕೆ ಉಷ್ಣದ ಮಾತ್ರೆ ನುಂಗಿಸ್ತೀಯಾ — ಪಕ್ಕದ ಮನೆ ಸಪ್ಪಲಮ್ಮ ಅಂದಿದ್ದು, ಅಂದವಳು ಅವಳು, ಹೂತಿಟ್ಟ ಕೈ ಯಾರದು.

ಈ ಮಗು ಯಾರು ಸ್ವಾಮಿ, ಬಾಯಿಂದ ಬಂದೇಬಿಟ್ಟಿತು. ಒಂದೆಲಗದ ತುಪ್ಪವನ್ನು ಸೀಸೆಗೆ ಸುರಿಯುತ್ತಿದ್ದ ಪಂಡಿತರು ನಕ್ಕರು, ಮಗು ಅಲ್ಲ ಕಣಮ್ಮಾ, ಅಪಸ್ಮಾರ, ನೆನಪು ಕಸಿಯೋನು, ಪುರಾಣದೋರು ಅಜ್ಞಾನ ಅಂತಾರೆ, ನಮ್ಮ ವೈದ್ಯದಲ್ಲಿ ನಿನ್ನ ಮಗಳ ಕಾಯಿಲೆಗೂ ಅದೇ ಹೆಸರು. ಅಜ್ಞಾನವಂತೆ, ಲೆಕ್ಕದಲ್ಲಿ ತೊಂಬತ್ತಾರು ತೆಗೆದವಳಿಗೆ ಎಲ್ಲಿಯ ಅಜ್ಞಾನ, ಕಾಯಿಲೆ ಅವಳದಾದರೆ ಅಜ್ಞಾನವೂ ಅವಳದೇ ಆಗಬೇಕೆ — ಮತ್ತೆ ದೇವರು ಅವನನ್ನ ಕೊಂದೇ ಹಾಕಬಹುದಿತ್ತಲ್ಲ ಸ್ವಾಮಿ. ಕೊಲ್ಲಲ್ಲಮ್ಮಾ, ಮೆಟ್ಕೊಂಡಿರೋದಷ್ಟೆ, ಕಾಲೆತ್ತಿದ್ರೆ ಎದ್ದ, ನನ್ನ ತುಪ್ಪ ಮರೆತರೂ ಆ ಮಾತ್ರೆ ಮರೀಬೇಡಿ ಅಂತ ಅದಕ್ಕೇ ಹೇಳಿದ್ದು, ಬಿಡದೆ ತಗೊಂಡೂ ಬಂತು ಅಂದ್ರೆ ಅದು ಸಾಲ್ತಿಲ್ಲ, ಹೆಚ್ಚು ಮಾಡೋಕೆ ಡಾಕ್ಟರಿಗೆ ಚೀಟಿ ಬರೀತೀನಿ. ಪೆನ್ನಿನ ಮುಚ್ಚಳ ಬಿಚ್ಚಿದರು. ಹೆಚ್ಚು ಅಂದರೆ ಎಷ್ಟು, ಬೇಡದ್ದು ಮೈಗೆ ಸೇರಿದರೆ ಏನಾದೀತು, ಅಕ್ಷತ ಅಂಗೈ ಮುಚ್ಚುತ್ತಾಳೆ, ಬಿಡಿಸುತ್ತಾಳೆ, ಬಾಯಿ ಬಿಡುವುದಿಲ್ಲ, ಅವ್ವನ ಮಾನ ಕಾಯುತ್ತಿದ್ದಾಳೆ, ಹೆಸರು ಬರೆದಾಯಿತು, ವಯಸ್ಸು ಬರೆಯುತ್ತಿದ್ದಾರೆ — ಬರೀಬೇಡಿ ಸ್ವಾಮಿ, ಕಾಲೆತ್ತಿದ್ದು ನಾನು.

ಪೆನ್ನು ನಿಂತಿತು. ಮಗಳ ಕಡೆ ತಿರುಗಲಾರಳು, ಪಂಡಿತರ ಕಡೆಯೂ, ಇರುವುದೊಂದೇ ಕಡೆ — ಮಗುವಲ್ಲ, ಕಣ್ಣು ಬಿಟ್ಟುಕೊಂಡೇ ಇದ್ದಾನೆ, ಇಷ್ಟು ದಿನವೂ ಬಿಟ್ಟುಕೊಂಡೇ ಇದ್ದ, ಕಾಲಡಿಯಿಂದ, ಮಿರುಗುವ ಆ ಮುಖ, ಅವಳನ್ನೇ ನೋಡುತ್ತಿದೆ, ಆ ಮುಖ…