ನಾನು ನೆಟ್ಟಗೆ ಮಾಡಿದ ಕಟ್ಟಡ

ಪಾರಿವಾಳ ಮತ್ತೆ ಬಂತು, ಚೌಕಟ್ಟಿನ ಮೂಲೆಯಿಂದ ಇಳಿದು ಅಕ್ಕನ ಕಟ್ಟಡದ ನೆತ್ತಿಯ ಮೇಲೆ ತನಿಖೆಗೆ ಬಂದ ಅಧಿಕಾರಿಯ ಹಾಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದೆ, ಅದಾದರೂ ಬಂದು ನೋಡುತ್ತಿದೆಯಲ್ಲ, ನಗರಸಭೆ ಕಚೇರಿಯವರು ಅಷ್ಟೂ ಮಾಡಲಿಲ್ಲ — ಕ್ಯಾಮೆರಾಕ್ಕೂ ತಲೆಗೂ ಸೇರಿಸಿ ಹೊದ್ದ ಕರಿ ಬಟ್ಟೆಯೊಳಗೆ ನನ್ನದೇ ಉಸಿರು ತಿರುಗಿ ಮುಖಕ್ಕೆ ಹೊಡೆಯುತ್ತದೆ, ಬೆಳಗಿನ ಕಾಫಿ, ಬೆವರು, ಹಳೇ ಬಟ್ಟೆಯ ಮುಗ್ಗು, ಮೂರೂ ಒಟ್ಟಿಗೆ, ಔಷಧದಂಗಡಿಯ ತಾರಸಿ ಹತ್ತು ಗಂಟೆಗೇ ಕಾದ ಕಾವಲಿಯಾಗಿದೆ, ಮಂಡಿನೋವು ಬೇರೆ, ಈ ವಯಸ್ಸಿಗೆ ಗೌರವಸ್ಥರು ಬಟ್ಟೆಯೊಳಗೆ ತಲೆ ಹುದುಗಿಸಿಕೊಂಡು ರಸ್ತೆಯಾಚೆಯ ಮನೆ ನೋಡುತ್ತ ನಿಲ್ಲುವುದಿಲ್ಲ, ಅಂಗಡಿಯವನು ಮೆಟ್ಟಿಲ ಬಳಿಯೇ ಹಿಡಿದ, ಏನ್ ಸಾರ್ ಮತ್ತೆ ಬಂದ್ರಿ, ಹೋದ್ಸಲದ್ದು ಚೆನ್ನಾಗಿ ಬರ್ಲಿಲ್ವಾ, ಚೆನ್ನಾಗಿ ಬಂತಪ್ಪ, ಅದೇ ತೊಂದ್ರೆ.

ಚೆನ್ನಾಗಿಯೇ ಬಂದಿತ್ತು. ಅಕ್ಕ ಕೇಳಿದ್ದು ಇಷ್ಟೇ, ಕಟ್ಟಡ ಎಡಕ್ಕೆ ವಾಲ್ತಾ ಇದೆ ಕಣೋ, ಒಂದು ಫೋಟೊ ತೆಗ್ದು ಕೊಡು, ಅರ್ಜಿಗೆ ಲಗತ್ತಿಸ್ಬೇಕಂತೆ — ಮೊಬೈಲಿನಲ್ಲಿ ಒಂದು ಒತ್ತಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಮೂವತ್ತು ವರ್ಷ ಕಟ್ಟಡ ಕಟ್ಟುವವರ ಜಾಹೀರಾತಿಗೆ ಕಟ್ಟಡಗಳನ್ನೇ ತೆಗೆದವನು, ಮೊಬೈಲಿನಲ್ಲಿ ತೆಗೆಯುವುದೆಂದರೆ ಅಡುಗೆಭಟ್ಟ ಮನೆಗೆ ಹೋಗಿ ಬ್ರೆಡ್ಡು ತಿಂದ ಹಾಗೆ, ಅದೂ ಅಲ್ಲದೆ ಆಗತಾನೇ ನನ್ನ ಯಂತ್ರ ಸಿದ್ಧವಾಗಿತ್ತು, ಅದಕ್ಕೊಂದು ಕಟ್ಟಡ ಬೇಕಿತ್ತು. ಡಾರ್ಕ್‌ರೂಮ್ ಮುಚ್ಚಿದಂದಿನಿಂದ ಬೀರುವಿನ ಮೇಲೆ ಮುಸುಕು ಹೊದ್ದು ಕೂತಿದ್ದ ಎನ್‌ಲಾರ್ಜರ್, ಅದರ ಲೆನ್ಸುಗಳನ್ನು ಬಿಚ್ಚಿದೆ, ಕತ್ತಲ ಕೋಣೆಯಲ್ಲಿ ಬೇರೆಯವರು ತೆಗೆದ ಮದುವೆ ಫೋಟೊಗಳನ್ನು ಕಾಗದದ ಮೇಲೆ ದೊಡ್ಡದು ಮಾಡಿದ್ದೇ ಅವುಗಳ ಜನ್ಮ, ಬಿಸಿಲು ಕಂಡವಲ್ಲ, ಅವನ್ನು ಕ್ಯಾಮೆರಾದ ಮುಂದಿನ ಬೆಲ್ಲೋಸಿಗೆ, ಆ ಮಡಿಕೆ ಮಡಿಕೆಯ ಕರಿ ಕೊಳವೆಗೆ ಕೂರಿಸಬೇಕು, ಕೂರಿಸಿದರೆ ಲೆನ್ಸನ್ನು ಬಾಗಿಸಬಹುದು, ಮೇಲೆ ಕೆಳಗೆ ಸರಿಸಬಹುದು, ಬಾಗಿಸಿದರೆ ಬೇಕಾದ ಕಡೆ ಮಾತ್ರ ಸ್ಪಷ್ಟ, ಸರಿಸಿದರೆ ಹಿಂದಕ್ಕೆ ಬೀಳುವಂತಿರುವ ಗೋಡೆ ಎದ್ದು ನೆಟ್ಟಗೆ ನಿಲ್ಲುತ್ತದೆ. ಮೊದಲು ಐವತ್ತು ಮಿಲಿಮೀಟರಿನದು ಹಾಕಿದೆ, ಬೆಲ್ಲೋಸನ್ನು ಎಷ್ಟು ಕುಗ್ಗಿಸಿದರೂ ನನ್ನ ಹೆಬ್ಬೆರಳಿನಾಚೆ ಲೋಕವೇ ಇಲ್ಲ ಎಂದಿತು, ನೂರೈದರದು ಒಪ್ಪಿಕೊಂಡಿತು, ದೂರದ ನೀರಿನ ಟ್ಯಾಂಕಿನವರೆಗೂ ನೋಡಿತು. ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಲೆನ್ಸಿಗೆ ಪೀಠ ಮಾಡಿದೆ, ಹೆಂಡತಿ ಅಂದಿನಿಂದ ಉಪ್ಪಿಗೆ ತಟ್ಟೆ ಮುಚ್ಚುತ್ತಿದ್ದಾಳೆ. ಬೆಲ್ಲೋಸಿನ ಹಿಂದಿನ ಹಲಗೆಗೆ ಕ್ಯಾಮೆರಾ ಸಿಕ್ಕಿಸುವ ಲೋಹದ ಬಳೆಯನ್ನು ಕಣ್ಣಂದಾಜಿನಲ್ಲೇ ಅಂಟಿಸಿದೆ. ಮೊದಲ ಚಿತ್ರಗಳೆಲ್ಲ ಮಂಜು ಬಿದ್ದಂತೆ, ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕತ್ತಲಲ್ಲಿ ಬೆಳಕಿನ ತೂತಿನ ಅಳತೆಯ ಅಂಕಿ ಕಾಣಲೆಂದು ಈ ಲೆನ್ಸಿನ ಪಕ್ಕೆಯಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ, ಹೊರಗೆ ಬಂದರೆ ಅದೇ ಬೆಳಕಿನ ಕಳ್ಳದಾರಿ, ಕರಿ ಟೇಪು ಹಚ್ಚಿದೆ. ಕ್ಯಾಮೆರಾ ರಿಪೇರಿಯವನು ನೋಡಿ ಬಹಳ ಹೊತ್ತು ನಕ್ಕ, ಇದಕ್ಕೆ ಅಂತಲೇ ಲೆನ್ಸ್ ಬರತ್ತಲ್ಲ ಸಾರ್, ಬರತ್ತೆ, ಅಷ್ಟು ದುಡ್ಡು ಕೊಟ್ಟು ಅದು ಮನೆಗೆ ಬಂದ್ರೆ ನಾನು ಮನೆಯಿಂದ ಹೊರಡ್ಬೇಕಾಗತ್ತೆ.

ಹೋದ ಸಲವೂ ಹೀಗೇ ಇದೇ ತಾರಸಿಯಲ್ಲಿ ನಿಂತೆ, ಲೆನ್ಸನ್ನು ಮೇಲಕ್ಕೆ ಸರಿಸಿದೆ, ಕಟ್ಟಡದ ತಲೆ ಹಿಂದಕ್ಕೆ ಬೀಳುವುದು ನಿಂತಿತು, ಆಹಾ ಎಂದುಕೊಂಡೆ, ಆದರೂ ಕ್ಯಾಮೆರಾ ಪರದೆಯ ನೆಟ್ಟನೆ ಗೆರೆಗೂ ಗೋಡೆಗೂ ಹೊಂದಿಕೆಯಾಗಲಿಲ್ಲ, ಒಂದಿಷ್ಟು ಎಡಕ್ಕೆ, ಹೌದು ಎಡಕ್ಕೇ, ಅಕ್ಕ ಎಡಕ್ಕೆ ಎಂದೇ ಹೇಳಿದ್ದಳು, ನನಗೆ ಹೊಳೆದದ್ದು ಏನು, ಆ ಬಳೆ, ಕಣ್ಣಂದಾಜಿನ ಬಳೆ ಸೊಟ್ಟಗೆ ಅಂಟಿದೆ, ಛೆ, ಮನೆಯಲ್ಲಿ ಮಾಡಿದ್ದು ಇಷ್ಟೇ ಎಂದು ಕ್ಯಾಮೆರಾವನ್ನೇ ಒಂಚೂರು ತಿರುಗಿಸಿದೆ, ಗೋಡೆ ಬಂದು ಗೆರೆಯ ಮೇಲೆ ಕೂತಿತು. ನಾಲ್ಕು ಅಂತಸ್ತಿನ ಇಟ್ಟಿಗೆ ಗಾರೆಗಿಂತ ನನ್ನ ಗೋಂದನ್ನು ಅನುಮಾನಿಸಿದೆ, ಇಷ್ಟು ವಿನಯ ಬೇರೆ ಯಾವ ವಿಷಯದಲ್ಲೂ ನನಗೆ ಇಲ್ಲ. ಚೌಕಟ್ಟಿನ ಅಂಚಿನಲ್ಲಿ ದೀಪದ ಕಂಬವೊಂದು ಬಲಕ್ಕೆ ವಾಲಿಕೊಂಡಿತು, ಒಂದು ಕಂಬ ನೆಟ್ಟಗೆ ನೆಡೋಕೆ ಬರಲ್ವಲ್ಲ ಇವರಿಗೆ ಎಂದು ಬೈದು ಫೋಟೊದಿಂದ ಕತ್ತರಿಸಿ ಹಾಕಿದೆ, ಆ ಇಡೀ ಬೀದಿಯಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ.

ಕಚೇರಿಯ ಎಂಜಿನಿಯರು ಫೋಟೊವನ್ನು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಎಲ್ರೀ ವಾಲಿರೋದು, ನಮ್ಮ ಆಫೀಸಿಗಿಂತ ನೆಟ್ಟಗಿದೆಯಲ್ರೀ, ಬಂದು ನೋಡಿ ಸಾರ್ ಎಂದು ಅಕ್ಕ ಕೇಳಿದರೆ, ಬರೋದಕ್ಕೆ ಫೋಟೊದಲ್ಲಿ ಕಾರಣ ಕಾಣ್ಬೇಕಲ್ಲಮ್ಮ, ಅರ್ಜಿ ವಜಾ. ಕಟ್ಟಡದ ಮಾಲೀಕನಂತೂ ನನಗೇ ಫೋನು ಮಾಡಿದ, ಬಹಳ ಚೆನ್ನಾಗಿದೆ ರೀ, ಇನ್ನೊಂದು ಪ್ರಿಂಟ್ ಕೊಡಿ, ಬಾಡಿಗೆಗಿದೆ ಅನ್ನೋ ಬೋರ್ಡಿಗೆ ಹಾಕ್ತೀನಿ. ಅಕ್ಕ ಬೈಯಲಿಲ್ಲ, ಹೊಲಿಗೆ ಯಂತ್ರದ ಮುಂದೆ ಬಗ್ಗಿದ್ದವಳು ಬಗ್ಗಿಯೇ ಇದ್ದು, ನನ್ನನ್ನೂ ಒಂದು ಫೋಟೊ ತೆಗೆಯೋ, ಬೆನ್ನಾದ್ರೂ ನೆಟ್ಟಗಾಗ್ಲಿ, ಎಂದಳು, ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು. ಆ ಯಂತ್ರದ ಎಡಗಾಲುಗಳ ಕೆಳಗೆ ಮಡಿಸಿದ ರಟ್ಟು, ಹೋದ ವರ್ಷ ಎರಡು ಮಡಿಕೆ, ಈಗ ಐದು, ಅಡುಗೆಮನೆ ಗೋಡೆಯ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ತಾರೀಖು, ಬಿರುಕು ತಾರೀಖು ದಾಟಿ ಹೋದಾಗ ಮತ್ತೊಂದು ತಾರೀಖು, ಮಕ್ಕಳ ಎತ್ತರ ಗುರುತು ಹಾಕುವಂತೆ, ಬಿಟ್ಟು ಬಾ ಅಕ್ಕ ಎಂದೆ, ಎಲ್ಲಿಗೆ ಬರ್ಲಿ, ನಿನ್ನ ಮನೇಲಿ ಮಲಗೋಕೆ ಜಾಗ ಇದೆ, ನನ್ನ ಗಿರಾಕಿಗಳಿಗೆ ಬಟ್ಟೆ ಅಳತೆ ಕೊಡೋಕೆ ಜಾಗ ಇದೆಯಾ, ಮೇಲಿನ ಮೂರು ಮನೆಯವ್ರು ಎಲ್ಲಿಗೆ ಹೋಗ್ಲಿ. ಇವತ್ತು ಸಂಜೆ ಐದರೊಳಗೆ ಹೊಸ ಫೋಟೊ ಕೊಟ್ಟರೆ ಮರುಪರಿಶೀಲನೆ, ಇಲ್ಲದಿದ್ದರೆ ಕಡತ ಕಟ್ಟಿ ಮೇಲಿಡುತ್ತಾರೆ, ಆಮೇಲೆ ಅದನ್ನು ಕೆಳಗಿಳಿಸಬೇಕಾದರೆ ಕಟ್ಟಡವೇ ಇಳಿಯಬೇಕು.

ಅದಕ್ಕೇ ಈಗ ಹಗ್ಗ. ಈ ಸಲ ನನ್ನ ಕಣ್ಣನ್ನು ನಂಬುವುದಿಲ್ಲ, ಅಂದಾಜು ಬೇಡ, ಅಕ್ಕನ ಕಟ್ಟಡದ ಮೇಲೆ ಹೋಗಿ ಎಡಮೂಲೆಯಿಂದ ದಪ್ಪ ಬಿಳಿ ಹಗ್ಗ ಇಳಿಬಿಟ್ಟು ಬಂದಿದ್ದೇನೆ, ತುದಿಗೆ ಅವಳ ಹಳೇ ಇಸ್ತ್ರಿಪೆಟ್ಟಿಗೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗಾರೆಯವರ ತೂಗುಗುಂಡು ಈ ಗಾಳಿಗೆ ನಿಲ್ಲುವುದಿಲ್ಲ, ಇದೂ ನಿಲ್ಲುತ್ತಿಲ್ಲ, ಸುತ್ತುತ್ತಿದೆ. ಲೆನ್ಸು ಮೇಲೆ, ಸರಿ, ಬೆಳಕಿನ ತೂತು ಹನ್ನೊಂದರ ಅಂಕಿಗೆ, ಸರಿ, ಗೋಡೆ ಎಡಕ್ಕೆ — ಥೂ, ಕೈ ಆಗಲೇ ಕ್ಯಾಮೆರಾ ಸ್ಟ್ಯಾಂಡಿನ ತಿರುಪಿನ ಮೇಲಿದೆ, ತಿರುಗಿಸುತ್ತಲೂ ಇದೆ, ನಾನು ಹೇಳಿಲ್ಲ, ಗೋಡೆ ನೆಟ್ಟಗಾಗುತ್ತಿದೆ, ಎಷ್ಟು ಹಿತ ಕಣ್ಣಿಗೆ, ಹಗ್ಗ ಬಲಕ್ಕೆ ವಾಲುತ್ತಿದೆ, ಭೂಮಿಯ ಸೆಳೆತವೇ ಸೊಟ್ಟ ಎಂದು ಸಾಧಿಸಿಬಿಡುತ್ತೇನೆ ಬಿಟ್ಟರೆ, ಮೂವತ್ತು ವರ್ಷದ ಕೈ, ಅದೆಷ್ಟು ಗೋಡೆಗಳನ್ನು ಹೀಗೆ ಎತ್ತಿ ನಿಲ್ಲಿಸಿದೆನೋ, ಅವುಗಳಲ್ಲಿ ಎಷ್ಟು ನಿಜಕ್ಕೂ, ಬೇಡ, ಅದನ್ನು ಯೋಚಿಸುವಷ್ಟು ತ್ರಾಣ ಇಲ್ಲ, ವಾಪಸು ತಿರುಗಿಸು, ಹಗ್ಗ ಗೆರೆಯ ಮೇಲೆ ಬರಲಿ, ಗೋಡೆ ಹೋದಲ್ಲಿಗೆ ಹೋಗಲಿ. ಹೋಯಿತು. ಮೇಲೆ ಎರಡೂ ಒಂದೇ ಕಡೆ, ಕೆಳಗಿಳಿದಂತೆ ನಡುವೆ ಆಕಾಶ.

ಫೋನು ಪಕ್ಕದಲ್ಲೇ ಮಾತಾಡುತ್ತಿದೆ, ತೆಗ್ದ್ಯೇನೋ, ಇಲ್ಲ ಅಕ್ಕ, ಹಗ್ಗ ಆಡ್ತಿದೆ, ಅಡುಗೆಮನೆ ಕಿಟಕಿಯಿಂದ ಕೈ ಹಾಕಿ ಒಂದು ಗಳಿಗೆ ಮುಟ್ಟಿ ನಿಲ್ಲಿಸು, ಎಳೀಬೇಡ ಮತ್ತೆ, ನನಗೆ ದಾರ ಹಿಡಿಯೋದು ಹೇಳ್ಕೊಡ್ತೀಯಾ ನೀನು — ಮೊದಲ ಅಂತಸ್ತಿನ ಹತ್ತಿರ ಗೋಡೆಯ ಅಂಚಿನಿಂದ ಒಂದು ಕೈ ಬಂತು, ಮುಖವಿಲ್ಲ, ಮೈಯಿಲ್ಲ, ಕೈ ಮಾತ್ರ, ಗೋಡೆಗೇ ಮೊಳೆತಂತೆ, ಹಗ್ಗವನ್ನು ಮುಟ್ಟಿತು, ಹಗ್ಗ ನಿಂತಿತು, ಸರಿ ಕೈ ತೆಗೀ ಅಕ್ಕ, ತೆಗೆಯುತ್ತಿಲ್ಲ, ಏನು ಮಾಡುತ್ತಿದ್ದಾಳೆ, ಗೋಡೆಗೂ ಹಗ್ಗಕ್ಕೂ ನಡುವಿನ ಜಾಗ ಅಳೆಯುತ್ತಿದ್ದಾಳೆ, ಹೆಬ್ಬೆರಳನ್ನು ಗೋಡೆಗೆ ಊರಿ ಬೆರಳು ಬಿಚ್ಚಿ ಗೇಣು ಹಾಕುತ್ತಿದ್ದಾಳೆ, ಬಟ್ಟೆಗೆ ಹಾಕುವ ಹಾಗೆ, ಕೈ ಇದ್ದರೆ ಇರಲಿ, ಫೋಟೊ ತೆಗೆ ಈಗ, ಗುಂಡಿ ಒತ್ತು, ಒತ್ತಿದೆ, ಮತ್ತೊಂದು, ಒತ್ತಿದೆ, ಅವಳು ಇನ್ನೂ ಚಾಚುತ್ತಿದ್ದಾಳೆ, ಹೆಬ್ಬೆರಳು ಗೋಡೆಗೆ, ಕಿರುಬೆರಳು ಹಗ್ಗದ ಕಡೆಗೆ, ಇನ್ನೂ ತಾಗಿಲ್ಲ, ಹೆಬ್ಬೆರಳು ಗೋಡೆಗೆ, ಕಿರುಬೆರಳು, ತಾಗಿಲ್ಲ, ಕಿರುಬೆರಳು